ಅಮೆರಿಕದ ಬಫಲೋದಲ್ಲಿ ಹಿಮ ಅಳೆಯುವ ಆ ಹಿರಿಯರಿಗೆ

2022ರ ನವೆಂಬರ್ ಹಿಮಬಿರುಗಾಳಿ. ಶಿವಮೊಗ್ಗದಿಂದ ಬಂದಿದ್ದ ಅಮ್ಮನನ್ನು ಕೂರಿಸಿಕೊಂಡು ಬಫಲೋದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್ ಎಂಬ ಊರಿನ ಮನೆಗೆ ಹೊರಟಿದ್ದೆ. ಗ್ಯಾಸ್ ಸ್ಟೇಷನ್ನಿನಲ್ಲಿ ನೀವಾಗೇ ಬಂದು, "ದಕ್ಷಿಣಕ್ಕಾ?" ಎಂದು ಕೇಳಿದಿರಿ. ಅಂಗಳದಲ್ಲಿ ಬಿಳಿ ಹಲಗೆಯಿಟ್ಟು ವರ್ಷಗಳಿಂದ ಹಿಮ ಅಳೆಯುವವರು ನೀವು. ಮಂಜು ಕವಿದ ನಮ್ಮ ಕಾರಿನ ಗಾಜಿನ ಮೇಲೆ ಬೆರಳಲ್ಲೇ ಈರಿ ಸರೋವರ ಬರೆದು, ಅದರಿಂದ ಒಂದು ಪಟ್ಟಿ ಎಳೆದಿರಿ. ಬೆಚ್ಚಗಿನ ನೀರಿನ ಮೇಲೆ ಹಾದು ಬರುವ ಚಳಿಗಾಳಿ ಹಿಮ ಸುರಿಸುವುದು ಆ ಕಿರಿದಾದ ಪಟ್ಟಿಯಲ್ಲೇ. ಇಲ್ಲಿ ನೆಲ ಕಂಡರೂ ಕೆಲವೇ ಮೈಲಿ ಆಚೆ ದಾರಿಯೇ ಕಾಣದು ಎಂದಿರಿ. ಆ ಕಡೆ ಹಿಮ ಅಳೆಯುವ ಗೆಳೆಯರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡಿರಿ. ಉತ್ತರದ ಮೋಟೆಲ್‌ವರೆಗೂ ನಿಮ್ಮ ಗಾಡಿ ನಮ್ಮ ಮುಂದೆ, ನಿಧಾನವಾಗಿ. ಅಮ್ಮನ ಚಪ್ಪಲಿ ನೋಡಿ ಉಣ್ಣೆಯ ಕಾಲುಚೀಲ ಕೊಟ್ಟಿರಿ. ಆಗಲೇ ನನ್ನ ಎದೆಬಡಿತ ಇಳಿದದ್ದು. ಆರ್ಚರ್ಡ್ ಪಾರ್ಕಿನಲ್ಲಿ ಸುಮಾರು 80 ಇಂಚು ಬಿತ್ತು. ನಿಮ್ಮ ಹೆಸರು ಗೊತ್ತಿಲ್ಲ. ನಮ್ಮಿಬ್ಬರ ನಮಸ್ಕಾರ, ಧನ್ಯವಾದ.