ಮೆಷಿನ್ ವಾಪಸ್ ಕೊಟ್ಟೆ

ಸ್ಟುಟ್‌ಗಾರ್ಟ್
ಅಕ್ಟೋಬರ್ 12

ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ರಘು ಕೈಲಿ ಕಳಿಸಿದ ಕಾಗದ, ಮೆಂತ್ಯದ ಪುಡಿ, ಹಳೇ ಪಂಚೆ ಬಟ್ಟೆ ಎಲ್ಲ ಬಂತು. ಅಪ್ಪನಿಗೂ ದೊಡ್ಡಮ್ಮನಿಗೂ ನಮಸ್ಕಾರ ಹೇಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿರುತ್ತಾರೆ, ಇದು ಅಂಥ ವಿಷಯವಲ್ಲ. "ಹಾಲು ಸಾಲದೆ ಎದೆಹಾಲು ತೆಗೆಯೋ ಮೆಷಿನ್ ತಂದಿದ್ದೀಯಾ? ಅದು ಹಾಕಿದರೆ ಇರೋದೂ ಬತ್ತಿಹೋಗುತ್ತಂತೆ" ಎಂದು ಎರಡು ಪುಟ ಬರೆದಿದ್ದೀಯ. ಇದು ಅತ್ತೆಯ ಮಾತು ಅಂತ ಓದಿದ ಕೂಡಲೇ ಗೊತ್ತಾಯಿತು. ಹೋಗಲಿ. ಮೆಷಿನ್ ಈಗ ಮನೆಯಲ್ಲೇ ಇಲ್ಲ. ವಾಪಸ್ ಕೊಟ್ಟು ಎರಡು ವಾರವಾಯಿತು.

ನಾವು ಕೊಂಡಿರಲೂ ಇಲ್ಲ. ಇಲ್ಲಿ ಜರ್ಮನಿಯಲ್ಲಿ ಡಾಕ್ಟರ್ ಚೀಟಿ ಬರೆದುಕೊಡುತ್ತಾರೆ, ಔಷಧಿ ಅಂಗಡಿಯವರು ಬಾಡಿಗೆಗೆ ಕೊಡುತ್ತಾರೆ, ಇನ್ಶೂರೆನ್ಸಿನವರು ದುಡ್ಡು ಕಟ್ಟುತ್ತಾರೆ. ಮದುವೆಗೆ ಪಾತ್ರೆ ತಂದ ಹಾಗೆ ಇವರು ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದರು.

ಮೊದಲ ವಾರ ಅದು ಬೇಕಾಗಿತ್ತು, ಸುಳ್ಳು ಹೇಳುವುದಿಲ್ಲ. ಪುಟ್ಟಿಗೆ ಕಾಮಾಲೆ ಇತ್ತಲ್ಲ, ಬರೀ ನಿದ್ದೆ. ಎರಡು ಸಲ ಚೀಪಿ ಮಲಗಿಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ ಮೂರು ಗಂಟೆಗೊಮ್ಮೆ ಮೆಷಿನ್ ಹಚ್ಚಿಸುತ್ತಿದ್ದರು. ಬಾಟಲಿಯ ತಳ ಮಾತ್ರ ಒದ್ದೆಯಾಗುತ್ತಿತ್ತು. ಒಬ್ಬ ನರ್ಸ್ ಅದನ್ನು ಎತ್ತಿ ನೋಡಿ "ಇಷ್ಟೇನಾ" ಎಂದಳು. ಆ ರಾತ್ರಿ ನೀನು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಇದನ್ನು ಆಗ ಹೇಳಲಿಲ್ಲ. ವೀಸಾ ಸಿಗದೆ ನೀನೇ ಕೊರಗುತ್ತಿದ್ದೆ.

ಆಮೇಲೆ ಪುಟ್ಟಿ ಚೆನ್ನಾಗಿ ಕುಡಿಯಲು ಶುರು ಮಾಡಿದಳು. ಆಗಲೇ ಕೊಟ್ಟುಬಿಡಬೇಕಿತ್ತು. ನೀನು ದಿನಾ ಫೋನಿನಲ್ಲಿ "ಹೊಟ್ಟೆ ತುಂಬುತ್ತಾ, ಹೊಟ್ಟೆ ತುಂಬುತ್ತಾ" ಅನ್ನುತ್ತಿದ್ದೆ. ನಿನ್ನ ಮೇಲೆ ತಪ್ಪು ಹಾಕುತ್ತಿಲ್ಲ. ನನಗೂ ಹೆದರಿಕೆಯಾಯಿತು. ಮಗು ಕುಡಿದ ಮೇಲೂ ಮೆಷಿನ್ ಹಚ್ಚಿ ಎಷ್ಟು ಎಂಎಲ್ ಬಂತು ಅಂತ ನೋಡುತ್ತಾ ಕೂತೆ. ಬತ್ತುವುದಿರಲಿ, ಉಲ್ಟಾ ಆಯಿತು. ತೆಗೆದಷ್ಟೂ ಹಾಲು ಹೆಚ್ಚಾಗಿ, ಎದೆ ಕಲ್ಲಿನ ಹಾಗೆ ಗಟ್ಟಿಯಾಯಿತು.

ಇಲ್ಲಿಯ ಸೂಲಗಿತ್ತಿಗೆ ಹೆಬಾಮೆ ಅನ್ನುತ್ತಾರೆ. ಕೇಳಿದರೆ ನಮ್ಮ ಊರಿನ ಯಾರದೋ ಹೆಸರಿನ ಹಾಗಿದೆ, ಅಲ್ವಾ? ಮನೆಗೇ ಬರುತ್ತಾರೆ. ಮೊದಲ ಹತ್ತು ದಿನ ದಿನಾ ಬಂದರೂ ನಮಗೆ ಒಂದು ಪೈಸೆ ಖರ್ಚಿಲ್ಲ. ನನ್ನ ಎದೆ ಮುಟ್ಟಿ ನೋಡಿದವರು ಫ್ರಿಜ್ ತೆಗೆದು ಕ್ವಾರ್ಕ್ ಇದೆಯಾ ಎಂದರು. ಅದು ಗಟ್ಟಿ ಮೊಸರಿನಂಥದ್ದು. ಬಟ್ಟೆಯಲ್ಲಿ ಸುತ್ತಿ ಎದೆಗೆ ತಣ್ಣಗೆ ಪಟ್ಟು ಹಾಕಿದರು! ಇಲ್ಲದಿದ್ದರೆ ಎಲೆಕೋಸಿನ ಎಲೆಯಾದರೂ ಆಗುತ್ತಂತೆ. ತಿನ್ನೋ ಮೊಸರು ದಂಡ ಅಂತ ನೀನು ಬೈಯುತ್ತೀಯ. ಆದರೆ ಉರಿ ಇಳಿಯಿತು. ಮೆಷಿನ್ ಒಂದೇ ಸಲ ಬಿಡಬೇಡ, ದಿನಕ್ಕಿಷ್ಟು ಕಡಿಮೆ ಮಾಡು ಎಂದರು.

ನಾನು ಎಂಎಲ್ ಲೆಕ್ಕ ತೆಗೆದರೆ ಅವರು ನಕ್ಕರು. ಮಗು ಎಳೆದಷ್ಟು ಮೆಷಿನ್ ಎಳೆಯುವುದಿಲ್ಲ, ಬಾಟಲಿ ನೋಡಬೇಡ, ಚಡ್ಡಿ ನೋಡು ಎಂದರು. ದಿನಕ್ಕೆ ಆರು ಸಲ ಒದ್ದೆಯಾದರೆ ಸಾಕು. ಇವಳದು ಎಂಟು. ಬಟ್ಟೆಯಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತಾರೆ, ಥೇಟ್ ಅಡಿಕೆ ಮಂಡಿ. ಹುಟ್ಟಿದಾಗ 2,900 ಗ್ರಾಂ ಇದ್ದವಳು 2,650ಕ್ಕೆ ಇಳಿದಿದ್ದಳು. 13ನೇ ದಿನಕ್ಕೆ ಮತ್ತೆ 2,900. ಈಗ ಏಳು ವಾರ, 3,900. ಇದನ್ನು ಅತ್ತೆಗೆ ಓದಿ ಹೇಳು.

ಇವರಿಗೆ ಮಾತ್ರ ಹೊಸದೊಂದು ಕೊಳ್ಳುವ ಆಸೆ. ಅಮೆರಿಕದಲ್ಲಿ ಸುಮಾ ಇಟ್ಟುಕೊಂಡಿದ್ದಾಳಲ್ಲ ಅಂತ. ಅವಳ ಕಥೆ ಬೇರೆ. ಅವಳು 12 ವಾರಕ್ಕೇ ಆಫೀಸಿಗೆ ಹೋದಳು. ಮೆಷಿನ್ ಇಲ್ಲದಿದ್ದರೆ ಅವಳ ಮಗು ಪೌಡರ್ ಹಾಲೇ ಕುಡಿಯಬೇಕಿತ್ತು. ಅಲ್ಲಿ ಇನ್ಶೂರೆನ್ಸಿನವರು ಮೆಷಿನ್ ಕೊಡುತ್ತಾರೆ, ರಜೆ ಯಾರು ಕೊಡಬೇಕು? ನಾನು ಇಲ್ಲಿ ಒಂದು ವರ್ಷ ರಜೆ ಬರೆದುಕೊಟ್ಟು ಮನೆಯಲ್ಲಿದ್ದೇನೆ. ಬೇಕಿದ್ದರೆ ಮೂರು ವರ್ಷದವರೆಗೆ ಕೆಲಸ ಕಾಯ್ದಿಡುತ್ತಾರೆ. ಮಗು ಮಡಿಲಲ್ಲೇ ಇರುವಾಗ ನೂರಾರು ಯೂರೋ ಕೊಟ್ಟು ಏನು ಮಾಡಲಿ?

ನವೆಂಬರ್‌ನಲ್ಲಿ ಜರ್ಮನ್ ಪರೀಕ್ಷೆ ಇದೆ, ಅರ್ಧ ದಿನ. ಅದಕ್ಕೆ ಕೈಯಲ್ಲೇ ಹಾಲು ಹಿಂಡುವುದನ್ನು ಕಲಿತಿದ್ದೇನೆ. ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟರೂ ಕೆಡುವುದಿಲ್ಲ. ಮೊನ್ನೆ ನಿನ್ನ ಬೆಳ್ಳಿ ಒಳಲೆ ತೆಗೆದು ಇವರ ಕೈಗೆ ಕೊಟ್ಟೆ. ಅರ್ಧ ಪುಟ್ಟಿಗೆ, ಅರ್ಧ ಇವರ ಅಂಗಿಗೆ. ಹೆಬಾಮೆ ಒಳಲೆಯನ್ನು ತಿರುಗಿಸಿ ತಿರುಗಿಸಿ ನೋಡಿ ಫೋಟೋ ತೆಗೆದುಕೊಂಡರು. ಅಜ್ಜಿಯ ಕಾಲದ್ದು ಎಂದೆ, ಸ್ವಲ್ಪ ಜಂಬದಿಂದಲೇ.

ನಾನು ಚೆನ್ನಾಗಿದ್ದೇನೆ. ಬೆಳ್ಳುಳ್ಳಿ ತಿನ್ನುತ್ತಿದ್ದೇನೆ, ತಲೆಗೆ ಬಟ್ಟೆ ಕಟ್ಟುತ್ತೇನೆ, ತಣ್ಣೀರು ಮುಟ್ಟುವುದಿಲ್ಲ. ಸೊಂಟ ನೋವು ಅಷ್ಟೇನಿಲ್ಲ. ನಿಜವಾಗಿ ಇಲ್ಲ. ನೀನು ರಾತ್ರಿ ಎದ್ದು ಕೂರಬೇಡ. ಅಪ್ಪನ ಬಿಪಿ ಮಾತ್ರೆ ಮುಗಿಯುವ ಮೊದಲೇ ತರಿಸು.

ಪುಟ್ಟಿ ಎದ್ದಳು. ಉಳಿದದ್ದು ಭಾನುವಾರ ಫೋನಿನಲ್ಲಿ, ಸ್ಪೀಕರ್ ಇಲ್ಲದೆ.

ನಿನ್ನ
ವಿದ್ಯಾ