ಮಾರ್ಚ್ 31ರ ರಾತ್ರಿ ಫೋನ್ ಎತ್ತಿದವರಿಗೆ

ರಾತ್ರಿ ಹತ್ತೂವರೆ. ವರ್ಷದ ಲೆಕ್ಕ ಮುಗಿಸಬೇಕಿತ್ತು. ಜಪಾನಿನ ಗಿರಾಕಿಯಿಂದ ಬರಬೇಕಾದ ಹತ್ತು ಲಕ್ಷ ಯೆನ್, ನಮ್ಮ ಲೆಕ್ಕದ ಸಾಫ್ಟ್‌ವೇರ್ ಎಸ್‌ಎಪಿಯಲ್ಲಿ 5 ಕೋಟಿ 70 ಲಕ್ಷ ರೂಪಾಯಿ ಅಂತ ತೋರಿಸುತ್ತಿತ್ತು. ಕಂಪನಿ ಒಂದೇ ರಾತ್ರಿಯಲ್ಲಿ ಶ್ರೀಮಂತ! ನನ್ನ ಕೈ ಮಾತ್ರ ನಡುಗುತ್ತಿತ್ತು.

ಸಪೋರ್ಟ್ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಮೇಡಂ ಮೊದಲು ಕೇಳಿದ್ದು, "ಊಟ ಆಯ್ತಾ ಸರ್?" ಆಮೇಲೆ, "ಈ ರೇಟ್ ಟೈಪ್ ಹೊಸದಾಗಿ ಮಾಡಿದ್ದಾ?"

ಹೌದು. ರೇಟ್ ಟೈಪ್ ಅಂದರೆ ಎಸ್‌ಎಪಿಯಲ್ಲಿ ವಿನಿಮಯ ದರದ ಒಂದು ಬಗೆ. ವರ್ಷಾಂತ್ಯದ ದರಕ್ಕೆಂದು ಹಿಂದಿನ ವಾರ ನಾನೇ ಮಾಡಿದ್ದೆ. ನಮ್ಮಲ್ಲಿ ಯೆನ್ ದರ ಹೇಳುವುದು ನೂರು ಯೆನ್‌ಗೆ ಇಷ್ಟು ರೂಪಾಯಿ ಅಂತ ಅಲ್ವಾ? ಹಳೆಯ 'ಎಂ' ಟೈಪಿನಲ್ಲಿ 100:1 ಅನುಪಾತ ಇತ್ತು. ಪ್ರತಿ ಟೈಪಿಗೂ ಅದನ್ನು ಬೇರೆಯಾಗಿ ಕೊಡಬೇಕು. ನಾನು 1:1 ಕೊಟ್ಟು, 57 ಅಂತ ದರ ಹಾಕಿದ್ದೆ. ಅಂದರೆ ಒಂದೇ ಯೆನ್‌ಗೆ 57 ರೂಪಾಯಿ!

ಅವರು ಬೈಯಲಿಲ್ಲ, ನಗಲೂ ಇಲ್ಲ. ಈ ಅನುಪಾತ ಕೊಡುವ ಪರದೆ ಓಬಿಬಿಎಸ್ ತೆರೆಸಿ, ಒಂದೊಂದೇ ಸಾಲು ಓದಿಸಿಕೊಂಡರು. "ಲೆಕ್ಕಕ್ಕೆ ಪೋಸ್ಟ್ ಮಾಡ್ಬೇಡಿ, ಮೊದಲು ಟೆಸ್ಟ್ ರನ್," ಅಂತ ಎರಡು ಸಲ ಹೇಳಿದರು. ಅದು ಮುಗಿಯುವವರೆಗೂ ಫೋನ್ ಇಡಲಿಲ್ಲ. ಆ ಕಡೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು.

5,70,000. ನಾನು ಜೋರಾಗಿಯೇ ಉಸಿರು ಬಿಟ್ಟಿರಬೇಕು. "ಈಗ ಊಟ ಮಾಡಿ," ಅಂದರು.

ಹೆಸರು ಕೇಳುವುದೇ ಮರೆತೆ ಮೇಡಂ. ಥ್ಯಾಂಕ್ಸ್. ಡಬ್ಬಿಯ ಚಿತ್ರಾನ್ನ ತಣ್ಣಗಾಗಿತ್ತು, ಪೂರ್ತಿ ತಿಂದೆ.