ಹೊಸಬರೆಲ್ಲ ಕಳ್ಳರಲ್ಲ, ಮಗಳೇ

ವಿಜಯಪುರ

ಪ್ರೀತಿಯ ಪೂಜಾ,

ನಿನ್ನೆ ರಾತ್ರಿ ನೀನು ಫೋನ್ ಕಟ್ ಮಾಡಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅಂದಿದ್ದು ಅನ್ನಿಸಿಕೊಂಡಿದ್ದು ಮತ್ತೆ ಬೇಡ. ಆನ್‌ಲೈನ್ ಚೆಸ್ ಟೂರ್ನಿಯಲ್ಲಿ ರೇಟಿಂಗ್, ಅಂದರೆ ಆಟದ ಬಲ ಹೇಳುವ ಅಂಕಿ, 1600ರೊಳಗೆ ಇರುವವರಿಗೆ ಇಟ್ಟ ಬಹುಮಾನವನ್ನು ಮೊನ್ನೆ ಖಾತೆ ತೆರೆದವನು ಹೊಡೆದುಕೊಂಡು ಹೋದರೆ ಸಿಟ್ಟು ಬರುತ್ತದೆ, ಬರಲೇಬೇಕು. ಆದರೆ ಚಾಟ್‌ನಲ್ಲಿ ಎಲ್ಲರೆದುರು ಅವನಿಗೆ 'ಕಳ್ಳ' ಅಂದೆಯಲ್ಲ, ಅದು ನನಗೆ ಚುಚ್ಚಿತು.

ಒಂದು ಮಾತು ನಿನಗೆ ಹೇಳಿರಲಿಲ್ಲ. ಗಾಂಧಿ ಚೌಕದ ಹತ್ತಿರ ನಿನ್ನ ಮೊದಲ ಟೂರ್ನಿ. ರೇಟಿಂಗ್ ಇಲ್ಲದ್ದಕ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಕೊನೆಗೆ. ಸ್ವಿಸ್ ಪದ್ಧತಿ ಅಲ್ವಾ, ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲಿನರ್ಧದವರಿಗೆ ಕೆಳಗಿನರ್ಧದವರು ಜೋಡಿ; ಹಾಗೆ ಮೇಲಿನವರೊಬ್ಬರು ನಿನ್ನ ಎದುರು ಬಂದರು. ನೀನು ಕುದುರೆ ಹಾರಿಸಿ ಅವರ ರಾಣಿ ಹೊಡೆದೆ. ಸೋತ ಮೇಲೆ ಅವರು ಕೈ ಕುಲುಕದೆ ಎದ್ದು ಹೋಗಿ, 'ಈ ಹುಡುಗಿಗೆ ಯಾರೋ ಹೇಳಿಕೊಡುತ್ತಿದ್ದಾರೆ' ಅಂತ ಆರ್ಬಿಟರ್‌ಗೆ, ಅಂದರೆ ತೀರ್ಪುಗಾರರಿಗೆ, ಹೇಳಿದರು. ನಾನು ಅಲ್ಲೇ ಗೋಡೆ ಪಕ್ಕ ನಿಂತಿದ್ದೆ. ನೀನು ಬೋರ್ಡಿನ ಮೇಲೆ ಕೈ ಚಾಚಿಕೊಂಡೇ ಕೂತಿದ್ದೆ. ಬೆರಳಿಗೆ ಪೆನ್ನಿನ ಇಂಕು ಹತ್ತಿತ್ತು. ಆ ಟೂರ್ನಿಯಲ್ಲಿ ಆಮೇಲೆ ಏನಾಯಿತೋ ನೆನಪಿಲ್ಲ, ಆ ಕೈ ಮಾತ್ರ ಮರೆಯಲಿಲ್ಲ. ಅವರ ಮಾತೇ ಈಗ ನಿನ್ನ ಬಾಯಲ್ಲಿ ಬಂತಲ್ಲ ಅಂತ ಭಯವಾಯಿತು.

ನೋಡು, ನೀನು ಆಡುವ ಲಿಚೆಸ್ ವೆಬ್‌ಸೈಟಿನಲ್ಲಿ ಯಾರೇ ಹೊಸದಾಗಿ ಬಂದರೂ 1500ರಿಂದ ಶುರು, ಪಕ್ಕದಲ್ಲೊಂದು ಪ್ರಶ್ನೆ ಗುರುತು. ಆ ಅಂಕಿಯನ್ನು ಇನ್ನೂ ಪೂರ್ತಿ ನಂಬಬೇಡಿ ಅಂತ ಅರ್ಥ. ಹಾಗಾಗಿ ಚೆನ್ನಾಗಿ ಆಡುವವನೂ ಮೊದಲಿಗೆ 1600ರೊಳಗೇ ಇರುತ್ತಾನೆ. ಅಲ್ಲಿ ರೇಟಿಂಗ್ ಹಾಕುವುದು ಮಾರ್ಕ್ ಗ್ಲಿಕ್‌ಮನ್ ಮಾಡಿದ ಗ್ಲಿಕೊ ಅನ್ನೋ ಲೆಕ್ಕದಿಂದ; ಅದರಲ್ಲಿ ಅಂಥವರ ಕೈಲಿ ಸೋತರೆ ನಿನ್ನ ಪಾಯಿಂಟ್ ಕಡಿಮೆ ಇಳಿಯುತ್ತದೆ. ರೇಟಿಂಗ್‌ನವರು ಯೋಚಿಸಿದ್ದನ್ನು ಬಹುಮಾನ ಇಟ್ಟವರು ಯೋಚಿಸಲಿಲ್ಲ. ರೇಟಿಂಗ್‌ಗೆ ಲೆಕ್ಕವಾಗುವ ಇಷ್ಟು ಆಟ ಆಡಿರಲೇಬೇಕು ಅಂತ ಷರತ್ತು ಹಾಕಬಹುದಿತ್ತು. ಹೊಸಬರಿಗೆ ಬೇರೆ ಬಹುಮಾನ ಇಡಬಹುದಿತ್ತು. ಎರಡೂ ಮಾಡಲಿಲ್ಲ. ಅವರಿಗೆ ಬರೆ, ನಿನ್ನ ಹೆಸರು ಹಾಕಿಯೇ ಬರೆ. ಕಂಪ್ಯೂಟರ್ ನೋಡಿ ಆಡಿದ ಅನ್ನೋ ಅನುಮಾನ ನಿಜವಾಗಿ ಇದ್ದರೆ ರಿಪೋರ್ಟ್ ಮಾಡು. ಆಟ ತೆಗೆದು ಪರೀಕ್ಷೆ ಮಾಡುವವರು ಮಾಡಲಿ. ಅಲ್ಲಿಯವರೆಗೆ ಅವನು ನಿನಗಿಂತ ಚೆನ್ನಾಗಿ ಆಡಿದವನು, ಅಷ್ಟೇ.

ಮತ್ತೆ ಬುದ್ಧಿ ಹೇಳೋಕೆ ಶುರು ಮಾಡಿದೆ, ಬೇಜಾರಾಗಬೇಡ. ಆ ಆಟ ನಾನೂ ನೋಡಿದೆ. ಆನೆ ಬಿಟ್ಟುಕೊಟ್ಟು ಮುಂದೆ ನುಗ್ಗಿದೆಯಲ್ಲ, ಆ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಂಥವಳು ಆಟ ಬಿಡುತ್ತೇನೆ ಅಂದರೆ ನಾನು ಹೇಗೆ ಒಪ್ಪಲಿ?

ಆ ಹುಡುಗನಿಗೆ 'ಚೆನ್ನಾಗಿ ಆಡಿದೆ' ಅಂತ ಒಂದು ಸಾಲು ಕಳಿಸು. ಭಾನುವಾರ ಫೋನ್ ಮಾಡುತ್ತೇನೆ, ಎತ್ತು.

ನಿನ್ನ ಅವ್ವ